ಕಾಣದುದನ್ನು ಕಾಣುವ ಕಣ್ಣು



ದಿವ್ಯದೃಷ್ಟಿ ಎಂಬ ಮಾತನ್ನು ತಾವು ಬಾಲ್ಯದಿಂದಲೂ ಕೇಳಿ ಬಲ್ಲಿರಿ. ಕುರುಕ್ಷೇತ್ರದ ಸಮರವನ್ನು ಕಂಡು ಕುರುಡು ದೊರೆಗೆ ವಿವರಿಸಿದ ಸಂಜಯನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ದೂರದುದನ್ನು ಕಾಣಬೇಕು, ದೂರದುದನ್ನು ಕೇಳಬೇಕು ಎಂಬ ಹಂಬಲ ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಯಂತ್ರಗಳು ಬಂದಾಗ ಅವುಗಳಿಗೂ ನಾವು ಅದೇ ಹೆಸರುಗಳನ್ನಿಟ್ಟೆವು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ನಾಮಧೇಯವಾಯಿತು. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನನಗೆ ಸದಾ ಸ್ವಾರಸ್ಯವಾಗಿ ತೋರಿದ ಸಂಗತಿ. ಆದರೆ ಯಂತ್ರದ ನೆರವಿಲ್ಲದೆ, ಇಂದ್ರಿಯಗಳ ಹಂಗಿಲ್ಲದೆ, ಮನಸ್ಸೊಂದೇ ದೂರದುದನ್ನು ಕಾಣಬಲ್ಲುದೆ?

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಯಲುಸೀಮೆಯವನಾದ ನಾನು 1976ರಲ್ಲಿ ಶಿಕ್ಷಕ ವೃತ್ತಿಯ ನಿಮಿತ್ತ ಕಡಬದ ಸಮೀಪದ ಹಳ್ಳಿಯೊಂದಕ್ಕೆ ಬಂದೆನು. ಕಡಬವು ಆಗ ಪುತ್ತೂರು ತಾಲ್ಲೂಕಿಗೆ ಸೇರಿತ್ತು. ಈಗ ಅದೇ ಒಂದು ತಾಲ್ಲೂಕು. ಪುತ್ತೂರು, ಸುಳ್ಯ, ಕಡಬಗಳ ಈ ಅಡಕೆ ತೋಟಗಳ ಸೀಮೆಯಲ್ಲಿ ಮನೆಯಲ್ಲಿ ಕೇಡು ಸಂಭವಿಸಿದರೆ ‘ಪ್ರಶ್ನೆ ಇಡುವುದು’ ವಾಡಿಕೆ. ಜೋಯಿಸರು ಮಣೆಯ ಮೇಲೆ ರಾಶಿಚಕ್ರವನ್ನು ಬರೆಯುತ್ತಾರೆ. ತಾಂಬೂಲ ಪ್ರಶ್ನೆಯಾದರೆ ಪ್ರಶ್ನೆ ಕೇಳುವವನು ತಂದ ವೀಳ್ಯದೆಲೆಗಳ ಸಂಖ್ಯೆಯನ್ನೂ, ಎಲೆಗಳ ಹರಕು ಬಾಡುಗಳನ್ನೂ ನೋಡಿ ಫಲ ಹೇಳುತ್ತಾರೆ. ಅಷ್ಟಮಂಗಲ ಪ್ರಶ್ನೆಯಾದರೆ ಕವಡೆಗಳನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನಿಂದ ಎಂಟೆಂಟರಂತೆ ತೆಗೆದು, ಉಳಿದ ಸಂಖ್ಯೆಗಳಿಂದ ಫಲ ನಿರ್ಣಯಿಸುತ್ತಾರೆ. ಇದಕ್ಕೆ ಆಧಾರವಾದ ‘ಪ್ರಶ್ನಮಾರ್ಗ’ವು 1649ರ ಸುಮಾರಿಗೆ ಕೇರಳದಲ್ಲಿ ರಚಿತವಾದ ಸಂಸ್ಕೃತ ಗ್ರಂಥ.

ಈ ಗ್ರಂಥದಲ್ಲಿ ನನ್ನ ಗಮನ ಸೆಳೆದುದು ಗ್ರಹಗಳ ವಿಚಾರವಲ್ಲ, ದೂತಲಕ್ಷಣದ ವಿಚಾರ. ಪ್ರಶ್ನೆ ಕೇಳಲು ಬಂದವನು ಎಲ್ಲಿ ನಿಂತನು, ಮೊದಲು ಯಾವ ಮಾತನ್ನಾಡಿದನು, ಮೈಯ ಯಾವ ಅಂಗವನ್ನು ಮುಟ್ಟಿಕೊಂಡನು, ಎಂಬುದನ್ನೆಲ್ಲ ಜೋಯಿಸನಾದವನು ಸೂಕ್ಷ್ಮವಾಗಿ ಅವಲೋಕಿಸಬೇಕೆಂದು ಅದು ವಿಧಿಸುತ್ತದೆ. ತಾವೇ ಯೋಚಿಸಿ ನೋಡಿ. ಆಕಾಶವನ್ನು ಓದುವ ಶಾಸ್ತ್ರವು ಎದುರಿಗೆ ಕುಳಿತ ಮನುಷ್ಯನ ಮುಖವನ್ನೂ ಓದೆಂದು ಬೋಧಿಸುತ್ತಿದೆ! ಹೀಗೆ ಓದಿ ಪಳಗಿದವನ ಕಣ್ಣಿಗೆ ನಮಗೆ ಕಾಣದ ಎಷ್ಟೋ ಸಂಗತಿಗಳು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದು ಸಾಮಾನ್ಯ ವಿದ್ಯೆಯೂ ಅಲ್ಲ.

ಅತೀಂದ್ರಿಯ ದೃಷ್ಟಿಯ ವಿಷಯ ಬಂದಾಗ ಈ ಸೀಮೆಯಲ್ಲಿ ಕಾರಂತರನ್ನು ನೆನೆಯದೆ ಮುಂದೆ ಸಾಗುವಂತಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲಸಿದ್ದರು. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದ ಆ ವಿಚಾರವಾದಿಯೇ 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಹೊರತಂದರು. 1977ರ ಜ್ಞಾನಪೀಠ ಪ್ರಶಸ್ತಿ ಅದಕ್ಕೆ ಸಂದಿತು. ಬಾಲವಿಧವೆಯಾಗಿ, ಬಹುಕಾಲ ಮೌನಿಯಾಗಿ ಬಾಳಿದ ಮುದುಕಿಯೊಬ್ಬಳು ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ, ಅದನ್ನು ಬಳಸಿದ ಜನರ ಬದುಕೆಲ್ಲ ಆಕೆಯ ಕಣ್ಣೆದುರು ತೆರೆದುಕೊಳ್ಳುತ್ತದೆ. ಪವಾಡಗಳನ್ನು ನಂಬದ ಲೇಖಕರು ಇಂಥ ಅಜ್ಜಿಯನ್ನು ಏಕೆ ಸೃಷ್ಟಿಸಿದರೆಂದು ಅನೇಕರು ಕೇಳುವುದುಂಟು. ನನಗೆ ತೋರುವುದಿಷ್ಟು: ಮೂಕಜ್ಜಿಯ ಕಣ್ಣು ಮುಖ್ಯವಾಗಿ ಹಿಂದಣ ಕಾಲದತ್ತ ತಿರುಗಿದೆ. ಆಕೆ ಯಾರಿಗೂ ಭಾಗ್ಯೋದಯದ ದಿನವನ್ನು ಗೊತ್ತುಮಾಡಿ ಕೊಡಲಿಲ್ಲ, ಪರಿಹಾರವೆಂದು ಯಾರಿಂದಲೂ ಕಾಸು ಪಡೆಯಲಿಲ್ಲ. ಊರು ದೂರಿದ ನಾಗಿಯ ನೋವು ಆಕೆಗೆ ಅರ್ಥವಾಗುವಲ್ಲಿ ಯಾವ ಅತೀಂದ್ರಿಯ ಶಕ್ತಿಯೂ ಬೇಕಾಗಿಲ್ಲ. ನೊಂದ ಹೆಣ್ಣೊಬ್ಬಳು ನೊಂದ ಇನ್ನೊಬ್ಬಳನ್ನು ಕಾಣುವ ಕಣ್ಣು ಅದು.

ಕಾದಂಬರಿಯ ಅಜ್ಜಿಯನ್ನು ಪರೀಕ್ಷೆಗೆ ಒಡ್ಡುವಂತಿಲ್ಲ. ಆದರೆ ಜೀವಂತ ಮನುಷ್ಯರನ್ನು ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ ಎಂಬವರು 1930ರ ದಶಕದಲ್ಲಿ 25 ಎಲೆಗಳ ಒಂದು ಕಟ್ಟನ್ನು ಬಳಸಿ ಪ್ರಯೋಗ ನಡೆಸಿದರು. ಅದರಲ್ಲಿ ಐದು ಬಗೆಯ ಚಿಹ್ನೆಗಳು, ಒಂದೊಂದು ಚಿಹ್ನೆಗೆ ಐದು ಎಲೆಗಳು. ಕಣ್ಣಿಗೆ ಕಾಣಿಸದೆ ಇಟ್ಟ ಎಲೆಯ ಚಿಹ್ನೆಯನ್ನು ಸುಮ್ಮನೆ ಊಹಿಸುತ್ತ ಹೋದರೂ ಸರಾಸರಿ ಐದು ಸರಿಯಾಗುತ್ತವೆ. ಕೆಲವರು ಅದಕ್ಕಿಂತ ಬಹಳ ಹೆಚ್ಚು ಸರಿಯಾಗಿ ಹೇಳಿದರೆಂದು ರೈನ್ 1934ರಲ್ಲಿ ಪ್ರಕಟಿಸಿದಾಗ ಲೋಕವೇ ಬೆರಗಾಯಿತು. ಆದರೆ ಎಲೆಗಳ ಬೆನ್ನಿನಿಂದಲೇ ಚಿಹ್ನೆ ಮಸುಕಾಗಿ ತೋರುವುದು ಮೊದಲಾದ ದೋಷಗಳನ್ನು ಇತರ ವಿಜ್ಞಾನಿಗಳು ಎತ್ತಿ ತೋರಿಸಿದರು. ಕಟ್ಟುನಿಟ್ಟಾಗಿ ಪ್ರಯೋಗ ನಡೆಸಿದ ಬೇರೆಯವರಿಗೆ ಆ ಫಲ ದೊರೆಯಲಿಲ್ಲ. ದೂರದ ಸ್ಥಳಗಳನ್ನು ಮನಸ್ಸಿನಿಂದ ಕಾಣಿಸಲು ಅಮೆರಿಕದ ಸರ್ಕಾರವೇ ಸುಮಾರು ಎರಡು ದಶಕ ಹಣ ಸುರಿದು, ಕೊನೆಗೆ ಉಪಯೋಗವಿಲ್ಲವೆಂದು 1995ರಲ್ಲಿ ಆ ಕಾರ್ಯವನ್ನು ನಿಲ್ಲಿಸಿತು.

ನಮ್ಮ ಶರಣ ಪರಂಪರೆಗೆ ಈ ಸಂಗತಿಯಿಂದ ನಷ್ಟವೇನಿಲ್ಲ ಎಂಬುದನ್ನು ತಾವು ಬಲ್ಲಿರಿ. ಶೂನ್ಯಸಂಪಾದನೆಯಲ್ಲಿ ಗೋರಕ್ಷನ ವಜ್ರದೇಹಕ್ಕೆ ಕತ್ತಿ ತಗುಲಿ ಖಣಿಲೆಂದಿತು. ಅಲ್ಲಮಪ್ರಭುಗಳ ದೇಹದಲ್ಲಿ ಅದೇ ಕತ್ತಿ ಬಯಲಿನಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಸಿದ್ಧಿಯ ಬೆಲೆ ಎಷ್ಟೆಂದು ನಮ್ಮವರು ಅಂದೇ ತೂಗಿ ನೋಡಿದ್ದರು. ಪತಂಜಲಿಯ ಯೋಗಸೂತ್ರವೂ ಇಂಥ ಶಕ್ತಿಗಳನ್ನು ವಿವರವಾಗಿ ಹೇಳಿ, ಸಮಾಧಿಗೆ ಅವು ಅಡ್ಡಿಯೆಂದು ಎಚ್ಚರಿಸುತ್ತದೆ.

ಇಷ್ಟೆಲ್ಲ ತಿಳಿದಿದ್ದರೂ, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅಮೆರಿಕದ ಎಲೆಗಳ ಲೆಕ್ಕವನ್ನು ಹೇಳುವುದು ಸುಲಭವಲ್ಲ. 1981ರಲ್ಲಿ ನನ್ನ ಶಾಲೆಯ ಹಿಂದಿನ ತೋಟದ ಮನೆಯ ಹುಡುಗನೊಬ್ಬ ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣನಾಗಿ, ಹೇಳದೆ ಕೇಳದೆ ಮನೆ ಬಿಟ್ಟನು. ಕುಮಾರಧಾರೆ ತುಂಬಿ ಹರಿಯುತ್ತಿದ್ದ ಮಳೆಗಾಲ; ಊರವರ ಮನಸ್ಸಿನಲ್ಲಿ ಏನಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಪ್ರಶ್ನೆ ಇಡಿಸಿದರು. ಚಾವಡಿಯ ಮೂಲೆಯಲ್ಲಿ ನಾನೂ ಕುಳಿತಿದ್ದೆ. ಜೋಯಿಸರು ಕವಡೆಗಳನ್ನು ಸರಿಸುತ್ತ, ತಲೆ ಎತ್ತದೆಯೇ, “ಹೋಗುವ ಹಿಂದಿನ ದಿವಸ ಮನೆಯಲ್ಲಿ ಮಾತು ಬೆಳೆದದ್ದು ಉಂಟಲ್ಲ?” ಎಂದರು. ಅಲ್ಲಿಯವರೆಗೆ ಪೊಲೀಸರ ಮುಂದೆಯೂ ಬಾಯಿ ಬಿಡದಿದ್ದ ತಂದೆ, ತಾನು ಹುಡುಗನಿಗೆ ಬಾರುಕೋಲಿನಿಂದ ಹೊಡೆದೆನೆಂದು ಎಲ್ಲರೆದುರು ಹೇಳಿ ಅತ್ತನು. ಆ ಗಳಿಗೆಯಲ್ಲಿ ಜೋಯಿಸರ ಕಣ್ಣಿಗೆ ಏನೋ ಕಂಡಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆ. ಪ್ರಶ್ನೆ ಆರಂಭವಾದಾಗಿನಿಂದ ಆ ತಂದೆ ಹೆಂಡತಿಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಅದನ್ನು ನಾವು ಯಾರೂ ಗಮನಿಸಿರಲಿಲ್ಲ, ಅವರು ಗಮನಿಸಿದ್ದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಹುಡುಗ ಜೀವಂತನಿದ್ದಾನೆ, ಉತ್ತರ ದಿಕ್ಕಿನಲ್ಲಿ ನೀರಿನ ಸಮೀಪ ಇದ್ದಾನೆ, ಮೂರು ತಿಂಗಳಲ್ಲಿ ಸುದ್ದಿ ಬರುತ್ತದೆ ಎಂದರು. ಹಲವು ದೋಷಗಳನ್ನೂ ಹೇಳಿದರು. ಪರಿಹಾರಗಳಿಗೆ ಒಂದು ವರ್ಷದ ಅಡಕೆಯೆಲ್ಲ ಸಾಲದೆ, ತಾಯಿಯ ಕೈಬಳೆಗಳು ಸೊಸೈಟಿಯಲ್ಲಿ ಅಡವು ಬಿದ್ದವು. ಮೂರು ತಿಂಗಳು ಕಳೆಯಿತು, ಆರು ಕಳೆಯಿತು. ನಾಲ್ಕನೆಯ ತಿಂಗಳಿನಿಂದ ಆಕೆ ಅನುಭವಿಸಿದ ಯಾತನೆ ಮೊದಲ ವಾರದ ಯಾತನೆಗಿಂತ ಘೋರವಾಗಿತ್ತು. ಏಕೆಂದರೆ ಆಗ ಕೈಯಲ್ಲಿ ಒಂದು ಗಡುವಿರಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಕಾರ್ಡು ಬಂದಿತು. “ನಾನು ಸೌಖ್ಯ. ಹೋಟೆಲಿನಲ್ಲಿ ಕೆಲಸ. ಅಪ್ಪನಿಗೆ ಹೇಳಿ” ಎಂದಿಷ್ಟೇ ಒಕ್ಕಣೆ, ವಿಳಾಸವಿಲ್ಲ. ಪ್ರಶ್ನೆ ನಿಜವಾಯಿತೆಂದು ಊರೆಲ್ಲ ಕೊಂಡಾಡಿತು. ‘ಉತ್ತರ’ ಎಂಬುದು ಎಲ್ಲರಿಗೂ ನೆನಪಿತ್ತು, ‘ಮೂರು ತಿಂಗಳು’ ಎಂಬುದು ಯಾರಿಗೂ ನೆನಪಿರಲಿಲ್ಲ. ನಾನು ವಾದಕ್ಕೆ ಹೋಗಲಿಲ್ಲ. ತಾಯಿ ಮಾತ್ರ ಆ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಗೆ ಬಂದು, “ಮಾಷ್ಟ್ರೇ, ಈ ಮುದ್ರೆಯಲ್ಲಿ ಊರಿನ ಹೆಸರು ಇರ್ತದೆ ಅಂತ ಪೋಸ್ಟಿನವರು ಹೇಳಿದ್ರು. ಅವರಿಗೆ ಕಾಣುವುದಿಲ್ಲ ಅಂತೆ. ನೀವೊಂದು ನೋಡಿ” ಎಂದಳು. “ಕೂತುಕೊಳ್ಳಿ ಅಕ್ಕ” ಎಂದು, ವಿಜ್ಞಾನದ ಕಪಾಟಿನಿಂದ ಭೂತಕನ್ನಡಿಯನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದೆನು. ಮಸಿ ಹರಡಿತ್ತು, ಅರ್ಧ ವೃತ್ತ ಅಳಿಸಿತ್ತು. ಎರಡು ಪಾಠದ ಅವಧಿ ಕಳೆದ ಮೇಲೆ ಅಕ್ಷರಗಳು ಕೂಡಿಕೊಂಡವು: ಠಾಣೆ. ಆ ಸಂಜೆಯ ಮಂಗಳೂರಿನ ಬಸ್ಸಿಗೆ ತಂದೆ ಹೊರಟನು; ಅಲ್ಲಿಂದ ಮುಂಬಯಿಯ ಬಸ್ಸು. ಹಿಂದಿರುಗುವಾಗ ಇಬ್ಬರಿದ್ದರು.