ಗೆದ್ದಿದ್ದರೆ...

ಕನ್ನಡದ ಪ್ರತ್ಯಯಗಳಲ್ಲೆಲ್ಲ ಅತಿ ಸಾಹಸಿ ಯಾವುದೆಂದು ಯಾರಾದರೂ ಕೇಳಿದಲ್ಲಿ, ನಾನು ‘ರೆ’ಯ ಕಡೆಗೆ ಬೆರಳು ತೋರುತ್ತೇನೆ. ನೋಡಲು ಒಂದೇ ಅಕ್ಷರ. ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿತೆಂದರೆ ಇತಿಹಾಸವನ್ನೇ ಬುಡಮೇಲು ಮಾಡಬಲ್ಲುದು. ಕರ್ಣನ ರಥದ ಗಾಲಿ ನೆಲದಲ್ಲಿ ಹೂಳದೆ ಇದ್ದಿದ್ದರೆ? ತರಗತಿಯಲ್ಲಿ ಈ ಪ್ರಶ್ನೆಯನ್ನೆತ್ತಿದಾಗ ಹಿಂದಿನ ಬೆಂಚಿನವರೂ ಎಚ್ಚೆತ್ತು ಕೂರುತ್ತಾರೆ.

ಹಾಗೆ ಎಚ್ಚೆತ್ತ ಒಬ್ಬ ವಿದ್ಯಾರ್ಥಿ, “ಸಾರ್, ಮೋಟಾರು ಪಂದ್ಯದಲ್ಲೂ ಒಬ್ಬ ಕರ್ಣನಿದ್ದಾನೆ” ಎಂದ. ಅವನು ಹೇಳಿದ್ದು ಸ್ಪೇನ್ ದೇಶದ ಫರ್ನಾಂಡೊ ಅಲೊನ್ಸೊನ ವಿಷಯ. 1981ರಲ್ಲಿ ಓವಿಯೆಡೊ ನಗರದಲ್ಲಿ ಹುಟ್ಟಿದ ಈತ ಕುಬೇರನ ಮಗನಲ್ಲ. ತಂದೆ ಮಗಳಿಗೆಂದು ಕೈಯಾರೆ ಕಟ್ಟಿದ ಪುಟ್ಟ ಕಾರ್ಟು ಬಂಡಿ ಅವಳಿಗೆ ರುಚಿಸದೆ, ಮೂರು ವರ್ಷದ ತಮ್ಮನ ಪಾಲಾಯಿತಂತೆ. 2005ರಲ್ಲಿಯೂ 2006ರಲ್ಲಿಯೂ ರೆನೋ ತಂಡದ ಕಾರಿನಲ್ಲಿ ಆತ ಫಾರ್ಮುಲಾ ಒನ್‌ನ ವಿಶ್ವವಿಜೇತನಾದ. ಮುಂದೆ ಮೂರು ಸಲ ಕಿರೀಟ ಬೆರಳ ತುದಿಗೆ ತಾಗಿ ಜಾರಿತು. 2007ರಲ್ಲಿ 1 ಅಂಕ, 2010ರಲ್ಲಿ 4 ಅಂಕ, 2012ರಲ್ಲಿ 3 ಅಂಕ—ಇಷ್ಟೇ ಅಂತರ. ಕೂಡಿದರೆ ಎಂಟು! ಇನ್ನು ಕೆಲವೇ ಅಂಕಗಳು ದಕ್ಕಿದ್ದರೆ ಆತ ಐದು ಬಾರಿಯ ವಿಶ್ವವಿಜೇತ ಎಂಬುದು ಅಭಿಮಾನಿಗಳ ಲೆಕ್ಕ.

ಈ ಲೆಕ್ಕದ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ‘ರೆ’ ಇದೆ. 2010ರ ಕೊನೆಯ ಪಂದ್ಯ ಅಬುಧಾಬಿಯಲ್ಲಿ. ಅಲೊನ್ಸೊಗೆ ನಾಲ್ಕನೆಯ ಸ್ಥಾನ ಸಾಕಾಗಿತ್ತು. ಅವನ ಫೆರಾರಿ ತಂಡದವರು ವೆಬ್ಬರ್ ಎಂಬ ಎದುರಾಳಿಯ ಮೇಲೆ ಕಣ್ಣಿಟ್ಟು, ಟೈರು ಬದಲಿಸಲು ಇವನನ್ನು ಬೇಗನೆ ಒಳಗೆ ಕರೆದರು. ಹೊರಬಂದಾಗ ಮುಂದೆ ಪೆಟ್ರೋವನ ಕಾರು! ಸುಮಾರು ನಲವತ್ತು ಸುತ್ತು ಅದರ ಬೆನ್ನನ್ನೇ ನೋಡುತ್ತ ಓಡಿಸಿದರೂ ದಾಟಲಾಗದೆ ಏಳನೆಯವನಾದ. ಕಿರೀಟ ವೆಟ್ಟಲ್‌ನ ಮುಡಿಗೇರಿತು. 2012ರಲ್ಲಿ ಬೆಲ್ಜಿಯಮ್ಮಿನಲ್ಲಿ ಪರರ ಡಿಕ್ಕಿಯಿಂದ ಮೊದಲ ತಿರುವಿನಲ್ಲೇ ಆಟ ಮುಗಿಯಿತು. ಜಪಾನಿನಲ್ಲಿ ಹಿಂದಿನಿಂದ ಬಂದ ಕಾರು ತಗುಲಿ ಟೈರು ಒಡೆಯಿತು. ಇಲ್ಲಿಯೂ ಗಾಲಿಯೇ ಕೈಕೊಟ್ಟಿತು. ನನ್ನ ವಿದ್ಯಾರ್ಥಿಯ ಉಪಮೆ ತೀರ ಅಸಂಗತವಲ್ಲ.

ಆದರೆ ‘ರೆ’ಗೆ ಎರಡು ಅಲಗುಗಳುಂಟು. 2006ರ ಅಕ್ಟೋಬರಿನಲ್ಲಿ ಸುಜುಕಾ ಪಂದ್ಯ ಆರಂಭವಾಗುವಾಗ ಅಲೊನ್ಸೊ ಮತ್ತು ಮೈಕೇಲ್ ಶೂಮಾಕರ್ ಇಬ್ಬರದೂ 116 ಅಂಕ. ಮುಂದೆ ಓಡುತ್ತಿದ್ದವನು ಶೂಮಾಕರ್. ಅವನ ಎಂಜಿನ್ ಹೊಗೆಯುಗುಳಿ ನಿಂತಿತು, ಅಲೊನ್ಸೊ ಗೆದ್ದ. ಹಿಂದಿನ ವರ್ಷ ನ್ಯೂರ್ಬರ್ಗ್‌ರಿಂಗಿನಲ್ಲಿ ಮುಂದಿದ್ದ ರೈಕೋನೆನ್‌ನ ಕಾರು ಕೊನೆಯ ಸುತ್ತಿನಲ್ಲಿ ಮುರಿದು, ಗೆಲುವು ಇವನಿಗೆ ಬಂದಿತ್ತು. ಕಳೆದುಕೊಂಡದ್ದಕ್ಕೆ ಮಾತ್ರ ‘ರೆ’ ಹಚ್ಚಿ, ಪಡೆದುದನ್ನು ಮುಟ್ಟದೆ ಬಿಡುವುದು ಎಲ್ಲಿಯ ನ್ಯಾಯ?

ನಮ್ಮ ಮನೆಯಲ್ಲಿಯೂ ಇಂಥ ಒಂದು ಲೆಕ್ಕವುಂಟು. ನನ್ನ ತಮ್ಮನಿಗೆ ಎರಡು ಅಂಕಗಳಿಂದ ಮೆಡಿಕಲ್ ಸೀಟು ತಪ್ಪಿತು. ಇಂದು ಆತ ಬ್ಯಾಂಕಿನಲ್ಲಿದ್ದಾನೆ. ಅಚ್ಚುಕಟ್ಟಾದ ಸಂಸಾರ, ಸಂಜೆ ಮಕ್ಕಳೊಡನೆ ಆಟ. ಆದರೂ ನೆಂಟರು ಬಂದಾಗಲೆಲ್ಲ ಅಮ್ಮ, “ಇನ್ನೊಂದು ಪ್ರಶ್ನೆ ಸರಿಯಾಗಿ ಬರೆದಿದ್ದರೆ ಇವನು ಡಾಕ್ಟರು” ಎನ್ನುತ್ತಾರೆ. ಅದು ಪ್ರೀತಿಯ ಮಾತೇ. ಕಳೆದ ಯುಗಾದಿಯಲ್ಲಿ ಮಾತ್ರ ತಮ್ಮ ಮೆಲ್ಲಗೆ, “ಅಮ್ಮಾ, ಆ ಡಾಕ್ಟರು ನಿನಗೆ ಯಾವಾಗಲಾದರೂ ಊಟಕ್ಕೆ ಬಂದಿದ್ದನೇ? ಬಂದು ಕೂತಿರುವವನು ನಾನಲ್ಲವೇ?” ಎಂದ. ಅಮ್ಮ ಮಾತಾಡಲಿಲ್ಲ, ಅವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು. ಪಕ್ಕದ ಎಲೆಯ ಮುಂದೆ ಕುಳಿತಿದ್ದ ನನಗೆ ತುತ್ತು ಇಳಿಯಲಿಲ್ಲ. ಹುಟ್ಟದ ಒಬ್ಬ ಡಾಕ್ಟರನು ಇಷ್ಟು ವರ್ಷ ನನ್ನ ತಮ್ಮನ ಮಣೆಯ ಮೇಲೆ ಕುಳಿತಿದ್ದನಲ್ಲ!

ಅಭಿಮಾನಿಗಳ ಕಲ್ಪನೆಯ ಅಲೊನ್ಸೊ ಐದು ಕಿರೀಟಗಳ ಒಡೆಯ. ಆದರೆ ಅಷ್ಟು ಪಡೆದು ತೃಪ್ತನಾದವನು 2017ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಹೋಗಿ, ಹೊಸ ವಿದ್ಯಾರ್ಥಿಯಂತೆ ಹೊಸ ಬಗೆಯ ಕಾರು ಕಲಿತು, 27 ಸುತ್ತುಗಳ ಕಾಲ ಎಲ್ಲರಿಗಿಂತ ಮುಂದೆ ಓಡಿಸುತ್ತಿದ್ದನೇ? (ಅಲ್ಲಿಯೂ ಎಂಜಿನ್ ಕೆಟ್ಟಿತೆನ್ನಿ.) ಫ್ರಾನ್ಸಿನ ಲ ಮಾನ್‌ನಲ್ಲಿ ಹಗಲಿರುಳು ಇಪ್ಪತ್ತನಾಲ್ಕು ಗಂಟೆ ನಡೆಯುವ ಪಂದ್ಯವನ್ನು 2018 ಮತ್ತು 2019ರಲ್ಲಿ ಜೊತೆಗಾರರೊಡನೆ ಗೆಲ್ಲುತ್ತಿದ್ದನೇ? 2020ರಲ್ಲಿ ಡಕಾರ್ ರ‍್ಯಾಲಿಯ ಮರಳಿಗಿಳಿಯುತ್ತಿದ್ದನೇ? ನಲವತ್ತು ಮುಟ್ಟುವ ವಯಸ್ಸಿನಲ್ಲಿ, 2021ರಲ್ಲಿ, ಫಾರ್ಮುಲಾ ಒನ್‌ಗೆ ಮರಳಿ ತರುಣರೊಡನೆ ಸೆಣಸುತ್ತಿದ್ದನೇ? ಹೇಳಬಲ್ಲವರಿಲ್ಲ. ಆ ಐದು ಕಿರೀಟಗಳನ್ನು ಕೊಡಲು ಹೊರಟರೆ ಇವುಗಳಲ್ಲಿ ಕೆಲವನ್ನಾದರೂ ಹಿಂದಕ್ಕೆ ಕೇಳಬೇಕಾದೀತು.

ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂಬ ಇನ್ನೊಂದು ರೂಪವಿದೆ: ‘ಗೆದ್ದೇನು’. ಅದರಲ್ಲಿಯೂ ಸಂದೇಹವುಂಟು, ಆಸೆಯುಂಟು. ಆದರೆ ಅದರ ಮುಖ ನಾಳೆಯ ಕಡೆಗೆ. ‘ಗೆದ್ದಿದ್ದರೆ’ ಎಂಬುದು ನೋಡುಗರ ಮಾತು. ‘ಗೆದ್ದೇನು’ ಎಂಬುದು ಆಡುವವನ ಮಾತು. ಮೊದಲನೆಯದನ್ನು ಹರಟೆಗೆ ಇಟ್ಟುಕೊಳ್ಳೋಣ. ಸಂಸಾರಕ್ಕೆ ಎರಡನೆಯದೇ ಇರಲಿ.