ಬಾಯಿ ಮುಚ್ಚಿಸಿದ ಎಚ್ಚರಿಕೆ

ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಕ್ಕೂ ಉಪ್ಪಿನ ಡಬ್ಬಕ್ಕೂ ಚೀಟಿ ಅಂಟಿಸುವ ಪದ್ಧತಿ ಉಂಟು. ಚೀಟಿ ಉದುರಿದ ದಿನ ಯಾರೋ ಸಕ್ಕರೆಗೆ ಉಪ್ಪು ಸುರಿದರೆನ್ನಿ. ಆ ಗಳಿಗೆಯಲ್ಲಿ ಏನೂ ಆಗುವುದಿಲ್ಲ. ಮಾರನೆಯ ಬೆಳಗ್ಗೆ ಕಾಫಿ ಕುಡಿದು ಮುಖ ಕಿವುಚಿದಾಗ ಬೈಗುಳ ತಿನ್ನುವವರು ಕಾಫಿ ಮಾಡಿದವರು.

ನನ್ನ ಕಸುಬು ಜಾವಾ ಎಂಬ ಗಣಕ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು. ಅಲ್ಲಿಯೂ ಡಬ್ಬಗಳಿವೆ. ಮೊದಮೊದಲು ಅವಕ್ಕೆ ಚೀಟಿ ಇರಲಿಲ್ಲ; ಏನು ಬೇಕಾದರೂ ತುಂಬಬಹುದಿತ್ತು. 2004ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಜೆನೆರಿಕ್ಸ್ ಎಂಬ ಏರ್ಪಾಡು ಸೇರಿತು. 'ಇದು ಬರಹಗಳ ಪಟ್ಟಿ' ಎಂದು ಚೀಟಿ ಹಚ್ಚಿದರೆ, ಅದಕ್ಕೆ ಅಂಕಿ ಹಾಕಹೋದವನ ಕೈಯನ್ನು ಕಂಪೈಲರ್ ಅಲ್ಲೇ ಹಿಡಿಯುತ್ತದೆ. ಆದರೆ ಒಂದು ತಮಾಷೆ: ಹಳೆಯ ಪ್ರೋಗ್ರಾಂಗಳ ಮೇಲಿನ ದಾಕ್ಷಿಣ್ಯಕ್ಕೆ, ತಪಾಸಣೆ ಮುಗಿದೊಡನೆ ಅದು ಚೀಟಿಗಳನ್ನು ತಾನೇ ಕಿತ್ತುಹಾಕುತ್ತದೆ. ಪ್ರೋಗ್ರಾಂ ಓಡುವಾಗ ಡಬ್ಬಗಳೆಲ್ಲ ಒಂದೇ ಬಗೆ. ಆದುದರಿಂದ ಚೀಟಿಯಿಲ್ಲದ ಹಳೆಯ ಡಬ್ಬಕ್ಕೆ ನಾವು ಹೊಸ ಚೀಟಿ ಹಚ್ಚಿದರೆ, ಒಳಗಿರುವುದು ಅದೇ ಹೌದೇ ಎಂದು ನೋಡುವ ಉಪಾಯ ಅದಕ್ಕಿಲ್ಲ. 'ಇದನ್ನು ನಾನು ಪರೀಕ್ಷಿಸಿಲ್ಲ' ಎಂದು ಗೊಣಗಿ ಸುಮ್ಮನಾಗುತ್ತದೆ.

ಗೊಣಗಾಟ ಕೇಳಿ ಕೇಳಿ ನನಗೆ ಬೇಸರ. (ಮನೆಯಲ್ಲಿ ಕೇಳುವುದು ಸಾಲದೆ?) ಅದರ ಬಾಯಿ ಮುಚ್ಚಿಸಲು ಸಪ್ರೆಸ್‌ವಾರ್ನಿಂಗ್ಸ್ ಎಂಬ ಒಂದು ಸಾಲಿನ ಮಂತ್ರವಿದೆ. ಹಳೆಯ ಲೈಬ್ರರಿಯೊಂದರಿಂದ ಬರುತ್ತಿದ್ದ ಖಾತೆ ಸಂಖ್ಯೆಗಳೆಲ್ಲ ಬರಹರೂಪದಲ್ಲಿಯೇ ಇರುತ್ತವೆಂದು ನಂಬಿ, ಇಡೀ ಕ್ಲಾಸಿನ ನೆತ್ತಿಯ ಮೇಲೆ ಆ ಮಂತ್ರ ಬರೆದೆ. ಎಚ್ಚರಿಕೆಗಳು ಮಾಯವಾದುವು. ಸೊಗಸಾಗಿ ನಿದ್ರೆ ಬಂತು.

ಕೆಲವು ತಿಂಗಳ ಮೇಲೆ ಒಂದು ಖಾತೆ ಅಂಕಿಯ ರೂಪದಲ್ಲಿ ಬಂತು. ನನ್ನ ಸಾಲಿನಲ್ಲಿ ಏನೂ ಆಗಲಿಲ್ಲ. ಅದನ್ನು ಹೊರತೆಗೆದು ಓದಿದ ಸಾಲಿನಲ್ಲಿ ಪ್ರೋಗ್ರಾಂ ಮುಗ್ಗರಿಸಿ ಬಿತ್ತು. ಆ ಸಾಲು ಬರೆದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ. ದೋಷವರದಿ ಬೆರಳು ತೋರಿಸಿದ್ದು ಅವಳ ಕಡೆಗೆ. ಸಭೆಯಲ್ಲಿ ಮಾತು ಕೇಳಬೇಕಾದವಳೂ ಅವಳೇ. ತನ್ನ ಸಾಲಿನಲ್ಲಿ ತಪ್ಪೇನೆಂದು ಎರಡು ದಿನ ಹುಡುಕಿದಳು. ಇದ್ದರೆ ತಾನೆ ಸಿಗುವುದು?

ನನಗೆ ಮೊದಲ ಸಂಜೆಯೇ ಅನುಮಾನ ಬಂದಿತ್ತು. ಬಾಯಿ ಬಿಡಲು ಎರಡನೆಯ ಸಂಜೆಯಾಯಿತು.

ಆಮೇಲೆ ಇಬ್ಬರೂ ಕೂತು ನೆತ್ತಿಯ ಮಂತ್ರವನ್ನು ಅಳಿಸಿದೆವು. 31 ಎಚ್ಚರಿಕೆಗಳು ಹೊರಬಿದ್ದುವು! ಹೆಚ್ಚಿನವು ಸರಿಯಾದ ಚೀಟಿ ಬರೆದೊಡನೆ ಅಡಗಿದುವು. ಹಳೆಯ ಪಟ್ಟಿಯಲ್ಲಿದ್ದುದನ್ನು ಒಂದೊಂದಾಗಿ ಪರೀಕ್ಷಿಸಿ ಹೊಸ ಪಟ್ಟಿಗೆ ತುಂಬಿದೆವು. ನಿಜಕ್ಕೂ ಅಪಾಯವಿಲ್ಲದ ಎರಡು ಕಡೆ ಮಾತ್ರ ಮಂತ್ರ ಉಳಿಯಿತು. ಅದೂ ಒಂದೊಂದೇ ಸಾಲಿನ ಮೇಲೆ, ಪಕ್ಕದಲ್ಲಿ ಕಾರಣ ಸಹಿತ. ಕಾರಣವನ್ನು ನಾನು ಬರೆದೆ. ಅವಳು ಓದಿ ನೋಡಿ, "ಇನ್ನೂ ಸ್ವಲ್ಪ ವಿವರವಾಗಿ ಬರೆಯಿರಿ, ಸಾರ್" ಎಂದಳು.