ಮೊದಲ ಸುತ್ತಿನ ಹೆಸರುಗಳು

ಈ ಬಾರಿಯ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಹತ್ತನೆಯ ತರಗತಿ ಗಣಿತದ ‘ಸಂಭವನೀಯತೆ’ ಘಟಕ. ಶಾಲೆ ತುಮಕೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದ ಸರ್ಕಾರಿ ಪ್ರೌಢಶಾಲೆ. ತರಗತಿಯಲ್ಲಿ 41 ಮಕ್ಕಳು. ಈ ಘಟಕದ ಬೋಧನೋಪಕರಣಗಳು ನಮಗೆಲ್ಲ ಗೊತ್ತಿರುವಂಥವೇ: ನಾಣ್ಯ, ದಾಳ, ಇಸ್ಪೀಟು ಎಲೆ. ಮೊದಲೆರಡರ ಬಗ್ಗೆ ನನಗೆ ತಕರಾರಿಲ್ಲ. ಇಸ್ಪೀಟು ಎಲೆ ಮುಟ್ಟಿಯೇ ನೋಡದ ಮಕ್ಕಳಿಗೆ ಕಳಾವರ್ ಯಾವುದು, ಆಟೀನ್ ಯಾವುದು ಎಂದು ವಿವರಿಸುವಷ್ಟರಲ್ಲಿ ಅರ್ಧ ಅವಧಿ ಮುಗಿದಿರುತ್ತದೆ. ಅದೂ ಅಲ್ಲದೆ, ದಾಳ ಉರುಳಿಸಿ ಆರು ಬಿದ್ದರೆ ಏನು, ಬೀಳದಿದ್ದರೆ ಏನು? ಊಹಿಸಿದವರಿಗೆ ಅದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ.

ನಾನು ಪದವಿಯ ದಿನಗಳಿಂದ ‘ಬ್ಯಾಸ್ಕೆಟ್‌ಬಾಲ್ ಜಿಎಂ’ ಎಂಬ ಆಟ ಆಡುತ್ತ ಬಂದಿದ್ದೇನೆ. ಇದರಲ್ಲಿ ಚೆಂಡು ಮುಟ್ಟುವ ಕೆಲಸವಿಲ್ಲ; ತಂಡವನ್ನು ನಡೆಸುವುದೇ ಆಟ. ಬ್ರೌಸರ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಮೆರಿಕದ ಎನ್‌ಬಿಎ ಮಾದರಿಯಲ್ಲೇ 30 ತಂಡಗಳು, ಕಂಪ್ಯೂಟರ್ ಹುಟ್ಟಿಸಿದ ಕಾಲ್ಪನಿಕ ಆಟಗಾರರು. ಪ್ರತಿ ಋತು ಮುಗಿದ ಮೇಲೆ ಹೊಸ ಹುಡುಗರ ‘ಡ್ರಾಫ್ಟ್’ ನಡೆಯುತ್ತದೆ: ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಮೊದಲ ಸುತ್ತಿನಲ್ಲಿ 30, ಎರಡನೆಯದರಲ್ಲಿ 30. ಡ್ರಾಫ್ಟ್‌ಗೆ ಮುಂಚೆ ಮೊದಲ ಸುತ್ತಿನ 30 ಹೆಸರನ್ನು ಕ್ರಮವಾಗಿ ಬರೆದಿಟ್ಟು ಆಮೇಲೆ ತಾಳೆ ನೋಡುವುದು ನನ್ನ ಮತ್ತು ನನ್ನ ಚಿಕ್ಕಪ್ಪನ ಮಗನ ಹಳೆಯ ಪಂದ್ಯ. ಈ ಪಂದ್ಯವನ್ನೇ ಮೂರು ಅವಧಿಯ ಪಾಠಯೋಜನೆ ಮಾಡಿದೆ.

ಡ್ರಾಫ್ಟ್ ಎಂದರೇನೆಂದು ಹೇಳುತ್ತಿದ್ದಂತೆ ಒಬ್ಬ ಹುಡುಗ, “ಐಪಿಎಲ್ ಹರಾಜು ಥರಾನಾ ಸರ್?” ಎಂದ. ಹರಾಜಿನಲ್ಲಿ ದುಡ್ಡಿದ್ದವರು ಕೂಗುತ್ತಾರೆ. ಇಲ್ಲಿ ದುಡ್ಡಿನ ಮಾತಿಲ್ಲ, ಹೋದ ವರ್ಷ ತೀರ ಸೋತ ತಂಡಕ್ಕೆ ಮೊದಲ ಸರದಿ ಎಂದೆ. ಅರೆ ನಿಮಿಷ ಸುಮ್ಮನಿದ್ದು ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು: “ಹಂಗಾದ್ರೆ ಬೇಕಂತ ಸೋಲಬಹುದಲ್ವಾ?” ಎನ್‌ಬಿಎ ಆಡಳಿತದವರನ್ನು ಕಾಡಿದ ಪ್ರಶ್ನೆಯೂ ಇದೇ. ಅದಕ್ಕಾಗಿಯೇ 1985ರಲ್ಲಿ ಅವರು ಚೀಟಿ ಎತ್ತುವ ಪದ್ಧತಿ ತಂದರು. ಪಾಠಯೋಜನೆಯಲ್ಲಿ ನಾನು ಮುಂದಿಟ್ಟುಕೊಂಡಿದ್ದ ವಿಷಯಕ್ಕೆ ಮಕ್ಕಳೇ ಬಾಗಿಲು ತೆಗೆದರು.

2019ರಲ್ಲಿ ಬಂದ ನಿಯಮದಂತೆ 14 ಚೆಂಡುಗಳಿಂದ ನಾಲ್ಕನ್ನು ಎತ್ತುತ್ತಾರೆ. ಕ್ರಮ ಲೆಕ್ಕಿಸದೆ ನಾಲ್ಕು ಸಂಖ್ಯೆಗಳ ಗುಂಪುಗಳು 1001 ಆಗುತ್ತವೆ. ಒಂದನ್ನು ಬಿಟ್ಟು ಉಳಿದ 1000ವನ್ನು 14 ತಂಡಗಳಿಗೆ ಹಂಚುತ್ತಾರೆ: ಕೊನೆಯ ಮೂರು ತಂಡಗಳಿಗೆ ತಲಾ 140, ನಂತರದವಕ್ಕೆ 125, 105, 90 ಹೀಗೆ ಇಳಿಯುತ್ತ ಹದಿನಾಲ್ಕನೆಯದಕ್ಕೆ 5. ವಿಕಲ್ಪಗಳ ಲೆಕ್ಕ ಈಗ ಪಿಯುಸಿಗೆ ಹೋಗಿರುವುದರಿಂದ 1001 ಹೇಗೆ ಬಂತೆಂದು ಬಿಡಿಸಲಿಲ್ಲ. ಸೋಡಾ ಬಾಟಲಿಯ 14 ಮುಚ್ಚಳಗಳ ಮೇಲೆ ಸಂಖ್ಯೆ ಬರೆದು ಡಬ್ಬಿಯಲ್ಲಿ ಕುಲುಕಿದೆವು. ಹಂಚಿಕೆ ತಿಳಿದ ಮೇಲೆ ‘ಅನುಕೂಲಕರ ಫಲಿತಗಳು ಭಾಗಿಸು ಒಟ್ಟು ಫಲಿತಗಳು’ ಎಂಬ ಸೂತ್ರಕ್ಕೆ ಬೇರೆ ಉದಾಹರಣೆ ಬೇಕಾಗಲಿಲ್ಲ. 2025ರಲ್ಲಿ ಡಲ್ಲಾಸ್ ತಂಡದ ಪಾಲಿಗಿದ್ದದ್ದು 1000ದಲ್ಲಿ 18. ಮೊದಲ ಸರದಿ ಗೆದ್ದದ್ದು ಅದೇ. “0.018 ಅಂದ್ರೆ ಆಗಲ್ಲ ಅಂತ ಅಲ್ಲ” ಎಂದು ಮಕ್ಕಳು ತಾವೇ ವಾಕ್ಯ ಮಾಡಿಕೊಂಡರು.

ನಿಜವಾದ ಚಟುವಟಿಕೆ ಎರಡನೆಯ ಅವಧಿಯದು. ಆಟದೊಳಗಿಂದ ಎಂಟು ಹೊಸ ಆಟಗಾರರನ್ನು ಆರಿಸಿ ಚಾರ್ಟ್ ಬರೆದಿದ್ದೆ: ವಯಸ್ಸು, ಎತ್ತರ, ಈಗಿನ ಸಾಮರ್ಥ್ಯದ ಅಂಕ, ಮುಂದೆ ಮುಟ್ಟಬಹುದಾದ ಸಾಮರ್ಥ್ಯದ ಅಂಕ. ಪಕ್ಕದಲ್ಲಿ ಹಿಂದಿನ ಋತುವಿನ ಡ್ರಾಫ್ಟ್ ಫಲಿತಾಂಶದ ಚಾರ್ಟ್. ಈ ಆಟದ ಒಂದು ಗುಣ ನನಗೆ ಬಹಳ ಇಷ್ಟ: ಪರದೆಯ ಮೇಲೆ ಕಾಣುವ ಅಂಕ ಆಟಗಾರನ ನಿಜವಾದ ಅಂಕವಲ್ಲ. ಅದರಲ್ಲಿ ಬೇಕೆಂದೇ ಒಂದಿಷ್ಟು ಮಸುಕು ಬೆರೆಸಿರುತ್ತಾರೆ. ಆಟಗಾರರನ್ನು ಪರಿಶೀಲಿಸುವ ಕೆಲಸಕ್ಕೆ ತಂಡ ಎಷ್ಟು ಖರ್ಚು ಮಾಡುತ್ತದೋ ಅದರ ಮೇಲೆ ಮಸುಕು ಹೆಚ್ಚು ಕಡಿಮೆಯಾಗುತ್ತದೆ. ನಮ್ಮ ಘಟಕ ಪರೀಕ್ಷೆಯ ಅಂಕಪಟ್ಟಿಗಳಿಗೂ ಇಂಥದ್ದೊಂದು ಸೂಚನೆ ಅಂಟಿಸಿದ್ದರೆ ಚೆನ್ನಾಗಿರುತ್ತಿತ್ತು.

41 ಮಕ್ಕಳನ್ನು 30 ತಂಡ ಮಾಡಿದೆ: 11 ಜೋಡಿಗಳು, 19 ಒಂಟಿಗಳು. ಇಲ್ಲೊಂದು ವಿಷಯ ಹೇಳಬೇಕು. ಅರ್ಧವಾರ್ಷಿಕ ಪರೀಕ್ಷೆಯ ನಂತರ ಈ ತರಗತಿಯನ್ನು ಎ, ಬಿ, ಸಿ ಎಂದು ಗುಂಪು ಮಾಡಿದ್ದರು. ಸಿ ಗುಂಪಿನ ಒಂಬತ್ತು ಮಕ್ಕಳು ಗಣಿತದ ಅವಧಿಯಲ್ಲಿ ಪಕ್ಕದ ಕೊಠಡಿಯಲ್ಲಿ ಕುಳಿತು ‘ಪಾಸಿಂಗ್ ಪ್ಯಾಕೇಜ್’ ಅಭ್ಯಾಸ ಮಾಡುತ್ತಿದ್ದರು. ಈ ಮೂರು ಅವಧಿಗೆ ಅವರೂ ಬರಲಿ ಎಂದು ಗಣಿತ ಶಿಕ್ಷಕಿಯವರನ್ನು ಕೇಳಿಕೊಂಡಾಗ ಒಪ್ಪಿದರು. ಆ ಒಂಬತ್ತು ಮಂದಿಗೂ ಒಂಟಿ ತಂಡಗಳನ್ನೇ ಕೊಟ್ಟೆ. ಜೋಡಿ ಮಾಡಿದರೆ ಬರೆಯುವ ಪೆನ್ನು ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ. ಸೂಕ್ಷ್ಮ ಬೋಧನೆಯ ದಿನಗಳಿಂದಲೂ ಇದನ್ನು ನೋಡಿದ್ದೇನೆ.

ಪ್ರತಿ ತಂಡವೂ ಎರಡು ಹಾಳೆ ತುಂಬಬೇಕು. ಮೊದಲನೆಯದು: ಕಂಪ್ಯೂಟರ್ ತಂಡಗಳು ಈ ಎಂಟು ಜನರನ್ನು ಯಾವ ಕ್ರಮದಲ್ಲಿ ಆರಿಸುತ್ತವೆ? ಎರಡನೆಯದು: ಐದು ಋತು ಕಳೆದ ಮೇಲೆ ಇವರಲ್ಲಿ ಯಾರು ಎಷ್ಟು ಒಳ್ಳೆಯ ಆಟಗಾರರಾಗಿರುತ್ತಾರೆ? ಎರಡೂ ಒಂದೇ ಪ್ರಶ್ನೆ ಎಂದು ಬಹಳ ಮಕ್ಕಳಿಗೆ ಅನ್ನಿಸಿ, ಒಂದೇ ಪಟ್ಟಿಯನ್ನು ಎರಡು ಸಲ ಬರೆದರು. ನಾನು ತಿದ್ದಲು ಹೋಗಲಿಲ್ಲ.

ಅಂಕ ಕೊಡುವ ಕ್ರಮ ಸರಳ. ಮೂರನೆಯವನೆಂದು ಬರೆದವನು ಐದನೆಯವನಾಗಿ ಹೋದರೆ ವ್ಯತ್ಯಾಸ ಎರಡು. ಎಂಟೂ ವ್ಯತ್ಯಾಸಗಳನ್ನು ಕೂಡಿಸಬೇಕು. ಸೊನ್ನೆ ಬಂದರೆ ಪೂರ್ಣ ಸರಿ. ಪೂರ್ತಿ ತಲೆಕೆಳಗಾಗಿ ಬರೆದರೆ 32. ಕಣ್ಣುಮುಚ್ಚಿ ಬರೆದವನಿಗೆ ಸರಾಸರಿ 21. ಈ 21 ತಿಳಿದಿರುವುದು ಮುಖ್ಯ. ಅದಿಲ್ಲದೆ 16 ಬಂದವನು ಹಿಗ್ಗಬೇಕೋ ಕುಗ್ಗಬೇಕೋ ಗೊತ್ತಾಗುವುದಿಲ್ಲ. ಇದಕ್ಕೆ ಮುಂಚೆ ಚೀಟಿ ಕಲೆಸಿ ಕುರುಡು ಊಹೆಯನ್ನೂ ಮಾಡಿಸಿದ್ದೆ. ಹೆಸರು ಎಂಟಿರಲಿ, ಮೂವತ್ತಿರಲಿ, ಸುಮ್ಮನೆ ಕಲೆಸಿದರೆ ಸರಾಸರಿ ಒಂದು ಹೆಸರು ತನ್ನ ಜಾಗದಲ್ಲೇ ಬಂದು ಕೂರುತ್ತದೆ. ಮೊದಲ ಸಲ ಕೇಳಿದವರು ಯಾರೂ ಇದನ್ನು ನಂಬುವುದಿಲ್ಲ. ನಮ್ಮ 30 ತಂಡಗಳಿಗೆ ಒಟ್ಟು 27 ಹೊಂದಿಕೆ ಬಂದವು.

ಅಂಕ ಕೂಡಿಸುತ್ತಿರುವಾಗ ಒಬ್ಬ ಹುಡುಗ, “ಎಲ್ಲರ್ದೂ ಸಮಸಂಖ್ಯೆನೇ ಬರ್ತಿದೆಯಲ್ಲ ಸರ್” ಎಂದ. ಹೌದು, ಯಾವಾಗಲೂ ಹಾಗೇ ಬರುತ್ತದೆ. ಒಬ್ಬರು ಮೇಲೆ ಸರಿದಷ್ಟು ಮನೆಗಳನ್ನು ಬೇರೆಯವರು ಕೆಳಗೆ ಸರಿಯಲೇಬೇಕು. ಮೇಲಿನ ಮೊತ್ತವೂ ಕೆಳಗಿನ ಮೊತ್ತವೂ ಸಮ, ಆದ್ದರಿಂದ ಒಟ್ಟು ಮೊತ್ತ ಎರಡರ ಗುಣಕ. ಪಾಠಯೋಜನೆಯಲ್ಲಿ ಇಲ್ಲದ ಹತ್ತು ನಿಮಿಷ ಅದಕ್ಕೆ ಹೋಯಿತು. ಆ ಹತ್ತು ನಿಮಿಷವೇ ಘಟಕದ ಅತ್ಯುತ್ತಮ ಭಾಗ ಎಂದು ನನ್ನ ಅನಿಸಿಕೆ.

ಮೊದಲ ಹಾಳೆಯಲ್ಲಿ ಅತಿ ಕಡಿಮೆ ಅಂಕ 6. ಅದು ಸಿ ಗುಂಪಿನ ಒಬ್ಬ ಹುಡುಗಿಯದು. ಹೇಗೆ ಬರೆದೆ ಎಂದು ಕೇಳಿದಾಗ ಹಿಂದಿನ ಋತುವಿನ ಚಾರ್ಟ್ ತೋರಿಸಿ, “ಅವ್ರು ಚಿಕ್ಕೋರನ್ನೇ ಮೊದ್ಲು ತಗೊಂಡವ್ರೆ ಸರ್. ಈಗ ಎಷ್ಟು ಚೆನ್ನಾಗಿ ಆಡ್ತಾರೆ ಅಂತ ನೋಡೇ ಇಲ್ಲ” ಎಂದಳು. ಉಳಿದವರು ಆಟಗಾರರ ಅಂಕ ನೋಡುತ್ತಿದ್ದಾಗ ಅವಳು ಆರಿಸುವವರ ಅಭ್ಯಾಸ ನೋಡಿದ್ದಳು. ಮೊದಲ ಸುತ್ತಿನ ಮುನ್ಸೂಚನೆಯ ಒಳಗುಟ್ಟು ಇದೇ. 22 ವರ್ಷದ, ಈಗಲೇ ಚೆನ್ನಾಗಿ ಆಡುವ ಹುಡುಗನಿಗಿಂತ 19ರ, ಇನ್ನೂ ಕಚ್ಚಾ ಇರುವ ಹುಡುಗ ಮೇಲೆ ಹೋಗುತ್ತಾನೆ. ಇದು ಆಟಗಾರನ ಬಗೆಗಿನ ಪ್ರಶ್ನೆಯೇ ಅಲ್ಲ, ಆರಿಸುವವನ ಬಗೆಗಿನದು.

ಹುಡುಗಿ ಜಾಣೆ, ಪಟ್ಟಿ ತಪ್ಪು ಎಂದು ಇದರಿಂದ ಸಾಬೀತಾಯಿತೆಂದು ನಾನು ಬರೆಯುವುದಿಲ್ಲ. ಎಂಟು ಹೆಸರಿನ ಒಂದು ಆಟದಿಂದ ಅಂಥದ್ದೇನೂ ಸಾಬೀತಾಗುವುದಿಲ್ಲ. ಎರಡನೆಯ ಹಾಳೆಯಲ್ಲಿ ಅವಳಿಗೂ 20 ಬಂತು. ಮೂರನೆಯ ಅವಧಿಯಲ್ಲಿ ಲ್ಯಾಪ್‌ಟಾಪಿನಲ್ಲಿ ಐದು ಋತು ಓಡಿಸಿದಾಗ ಮೊದಲು ಆಯ್ಕೆಯಾದವನು ನಾಲ್ಕನೆಯವನಾಗಿದ್ದ, ಆರನೆಯವನು ಎಲ್ಲರಿಗಿಂತ ಮುಂದಿದ್ದ, ಎರಡನೆಯವನು ಲೀಗ್‌ನಲ್ಲೇ ಇರಲಿಲ್ಲ. 30 ತಂಡಗಳಲ್ಲಿ ಹೆಚ್ಚಿನವು ಕುರುಡು ಊಹೆಯ ಆಸುಪಾಸಿನಲ್ಲೇ ಇದ್ದವು.

ಆಟ ಹೋಗಲಿ, ನಿಜವಾದ ಲೀಗ್‌ನ ಕಥೆಯೂ ಹೀಗೆಯೇ ಎಂದು ಕೆಲವು ಹೆಸರು ಹೇಳಿದೆ. 1984ರಲ್ಲಿ ಮೈಕೆಲ್ ಜೋರ್ಡಾನ್ ಮೂರನೆಯವರಾಗಿ ಆಯ್ಕೆಯಾದರು; ಅವರಿಗಿಂತ ಮುಂಚೆ ಪೋರ್ಟ್‌ಲ್ಯಾಂಡ್ ತಂಡ ಸ್ಯಾಮ್ ಬೋವಿಯನ್ನು ಆರಿಸಿತ್ತು. 2013ರ ಮೊದಲ ಆಯ್ಕೆ ಆಂಥೊನಿ ಬೆನೆಟ್. ಅದೇ ವರ್ಷ ಯಾನಿಸ್ ಆಂಟೆಟೊಕುಂಪೊ 15ನೆಯವರು. ಮೂರು ಬಾರಿ ವರ್ಷದ ಅತ್ಯಮೂಲ್ಯ ಆಟಗಾರ ಎನಿಸಿಕೊಂಡ ನಿಕೊಲಾ ಯೋಕಿಚ್ 2014ರಲ್ಲಿ ಮೊದಲ ಸುತ್ತಿನಲ್ಲೇ ಇರಲಿಲ್ಲ, 41ನೆಯವರು. ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವರಾಗಿ ಆಯ್ಕೆಯಾದ ಮೊದಲ ಭಾರತೀಯ ಎಂದಾಗ ತರಗತಿ ಚಪ್ಪಾಳೆ ತಟ್ಟಿತು. ಅವರಿಗೆ ಎನ್‌ಬಿಎ ಋತುವಿನ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲ ಎಂದಾಗ ಮೌನವಾಯಿತು.

ಆ ಮೌನದಲ್ಲೇ ಮೊದಲ ಹಾಳೆಯಲ್ಲಿ 6 ಪಡೆದ ಹುಡುಗಿ ಎದ್ದು ಕೇಳಿದಳು: “ನಮ್ ಲಿಸ್ಟ್ ಮಾಡವ್ರಲ್ಲ ಸರ್, ಅದನ್ನೂ ಆಮೇಲೆ ಹಿಂಗೆ ಚೆಕ್ ಮಾಡ್ತಾರಾ?”

ಶಿಕ್ಷಕಿಯವರು ಕೊನೆಯ ಬೆಂಚಿನಲ್ಲಿ ಅವಲೋಕನ ಹಾಳೆ ಹಿಡಿದು ಕುಳಿತಿದ್ದರು. ಬೋಧನಾಭ್ಯಾಸಕ್ಕೆ ಬಂದವನು ಉತ್ತರಿಸುವ ಪ್ರಶ್ನೆಯಲ್ಲ ಅದು. ಅವರ ಕಡೆ ನೋಡಿದೆ. ಅವರು ಎದ್ದು, “ಇಲ್ಲ ಕಣಮ್ಮ, ಮಾಡಿಲ್ಲ. ನೋಡೋಣ” ಎಂದರು. ಆ ಉತ್ತರಕ್ಕಾಗಿ ನನಗೆ ಅವರ ಮೇಲೆ ಬಹಳ ಗೌರವ.

ಅಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹಿಂದಿನ ವರ್ಷದ ರಿಜಿಸ್ಟರ್ ತೆಗೆದೆವು. ಸಿ ಗುಂಪಿನಲ್ಲಿದ್ದ 12 ಮಕ್ಕಳಲ್ಲಿ ಎಂಟು ಮಂದಿ ಪಾಸಾಗಿದ್ದರು. “ಹಾಗಾದ್ರೆ ಪಟ್ಟಿ ತಪ್ಪಾಯ್ತಾ, ಇಲ್ಲ ನಾವು ಹೇಳಿಕೊಟ್ಟದ್ದು ಫಲಿಸಿತಾ?” ಎಂದು ಮೇಡಂ ಕೇಳಿದರು. ಇಬ್ಬರಿಗೂ ಉತ್ತರ ಹೊಳೆಯಲಿಲ್ಲ. ಕಂಪ್ಯೂಟರ್ ಲೀಗ್‌ನಲ್ಲಿ ನನ್ನ ಮುನ್ಸೂಚನೆ ಆಟಗಾರನ ಕಿವಿಗೆ ಬೀಳುವುದಿಲ್ಲ. ತಾಳೆ ನೋಡುವುದು ಸುಲಭ. ತರಗತಿಯಲ್ಲಿ ಪಟ್ಟಿ ಬರೆದ ಮರುದಿನದಿಂದಲೇ ಕೊಠಡಿ ಬೇರೆ, ಪ್ರಶ್ನೆಗಳು ಬೇರೆ, ಪುಸ್ತಕದ ಪುಟಗಳು ಬೇರೆ. ಶಿಕ್ಷಣ ಮನೋವಿಜ್ಞಾನದಲ್ಲಿ ನಾವು ಓದುವ, 1968ರ ರೋಸೆಂತಾಲ್ ಮತ್ತು ಜೇಕಬ್‌ಸನ್ ಅವರ ಪಿಗ್ಮೇಲಿಯನ್ ಪ್ರಯೋಗದ ಬಗ್ಗೆ ವಾದವಿವಾದಗಳಿವೆ. ಆದರೆ ಎನ್‌ಬಿಎ ಬಗ್ಗೆಯೇ ಬ್ಯಾರಿ ಸ್ಟಾ ಮತ್ತು ಹಾ ಹೊಆಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು: ಆಟದ ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವರಿಗೆ ಮೈದಾನದಲ್ಲಿ ಹೆಚ್ಚು ನಿಮಿಷಗಳು ಸಿಗುತ್ತಿದ್ದವು, ಲೀಗ್‌ನಲ್ಲಿ ಹೆಚ್ಚು ವರ್ಷ ಉಳಿಯುತ್ತಿದ್ದರು. ಮೊದಲ ಸುತ್ತಿನಲ್ಲಿ ಹೆಸರು ಬಂದವನು ತಪ್ಪಿದರೆ ಇನ್ನೊಂದು ಅವಕಾಶ, 41ನೆಯವನು ತಪ್ಪಿದರೆ ಬೆಂಚು. ಸಿ ಗುಂಪಿನ ಮಗು ತಪ್ಪು ಉತ್ತರ ಹೇಳಿದಾಗ ನಮ್ಮ ಮುಂದಿನ ಪ್ರಶ್ನೆ ಯಾರ ಕಡೆ ಹೋಗುತ್ತದೆ ಎಂಬುದನ್ನು ಅವಲೋಕನ ಹಾಳೆಯಲ್ಲಿ ಎಣಿಸಿ ಬರೆಯುವ ಕಾಲಂ ಒಂದಿದ್ದರೆ ಒಳ್ಳೆಯದೆಂದು ನಮ್ಮ ಕಾಲೇಜಿನ ಮಾರ್ಗದರ್ಶಕರಿಗೆ ಹೇಳಿದ್ದೇನೆ.

ಗುಂಪು ತೆಗೆದುಹಾಕಬೇಕೆಂದು ನಾನು ವಾದಿಸುವುದಿಲ್ಲ. ಮಾರ್ಚ್ ಹತ್ತಿರ ಬಂದಾಗ 41 ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿಗೆ ಯಾರ ಪಕ್ಕ ಕೂರಬೇಕೆಂದು ತಿಳಿಯಲೇಬೇಕು. ಎಂಟು ಮಕ್ಕಳು ಪಾಸಾದದ್ದು ಸಣ್ಣ ಮಾತಲ್ಲ. ಪಟ್ಟಿಗೆ ದಿನಾಂಕ ಇರಲಿಲ್ಲ, ಮತ್ತೆ ನೋಡುವ ದಿನವೂ ಇರಲಿಲ್ಲ. ಕೊರತೆ ಇದ್ದದ್ದು ಅಲ್ಲಿ. ಮೇಡಂ ಎರಡನ್ನೂ ಕೆಂಪು ಶಾಯಿಯಲ್ಲಿ ಬರೆದರು. ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ ಘಟಕಗಳಿಗೆ ಒಂಬತ್ತೂ ಮಕ್ಕಳು ಇದೇ ಕೊಠಡಿಯಲ್ಲಿ ಕೂರಲಿ ಎಂದೂ ಹೇಳಿದರು.

ಈ ಚಟುವಟಿಕೆ ಮಾಡಿಸಬೇಕೆನ್ನುವ ಸ್ನೇಹಿತರಿಗೆ: ಎಂಟು ಹೆಸರು ಸಾಕು, 30 ಬೇಡ. ಹಿಂದಿನ ಋತುವಿನ ಚಾರ್ಟ್ ತಪ್ಪದೆ ತೂಗುಹಾಕಿ. ಹಾಳೆಗಳನ್ನು ಫಲಿತಾಂಶಕ್ಕೆ ಮುಂಚೆ ಕಡ್ಡಾಯವಾಗಿ ಸಂಗ್ರಹಿಸಿಕೊಳ್ಳಿ, ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಸಿ. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ; ನಮ್ಮ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬವೇ ಇರಲಿಲ್ಲ. ಚಾರ್ಟ್‌ಗಳೂ ಮುಚ್ಚಳದ ಡಬ್ಬಿಯೂ ಕಾಲೇಜಿನ ಗಣಿತ ಪ್ರಯೋಗಾಲಯದಲ್ಲಿವೆ.

ಕೊನೆಯ ದಿನ 41 ಮಕ್ಕಳೂ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ತಮಗೆ ಬರಬಹುದಾದ ಅಂಕವನ್ನು ತಾವೇ ಊಹಿಸಿ ಚೀಟಿಯಲ್ಲಿ ಬರೆದುಕೊಟ್ಟರು. ಮೇಡಂ ಕೂಡ ಪ್ರತಿಯೊಬ್ಬರಿಗೂ ಒಂದೊಂದು ಅಂಕ ಬರೆದರು. ಎರಡೂ ಒಂದೇ ಲಕೋಟೆಯಲ್ಲಿ ಅವರ ಅಲ್ಮೇರಾದಲ್ಲಿವೆ. ಫೆಬ್ರವರಿಯಲ್ಲಿ ತೆರೆಯುವಾಗ ಫೋನ್ ಮಾಡುತ್ತೇನೆ ಎಂದಿದ್ದಾರೆ.